ಕಾಣದ ಕಿರಣ, ಕಾಣದ ಕೆಲಸಗಾರ

(ಸಂಘದ ವಾರ್ಷಿಕೋತ್ಸವದ ದಿನ ಸಮಾಜ ಮಂದಿರದಲ್ಲಿ ಮಾಡಿದ ಭಾಷಣ. ಸ್ಮರಣ ಸಂಚಿಕೆಗಾಗಿ ಬರೆದು ಕೊಟ್ಟದ್ದು.)



ನನಗೆ ಭಾಷಣ ಮಾಡಿ ರೂಢಿ ಇಲ್ಲ. ಸಂಘದ ಹುಡುಗರು ಮನೆಗೆ ಬಂದು, "ಕಾಕಾ, ನೀವು ದವಾಖಾನಿ ಒಳಗ ಇಷ್ಟು ವರ್ಷ ಕೆಲಸ ಮಾಡೀರಿ, ಏನರ ಉಪಯೋಗ ಆಗೂವಂಥದ್ದು ಹೇಳ್ರಿ" ಅಂದರು. ಆಗ ನಾನು ಲೆಕ್ಕ ಹಾಕಿ ನೋಡಿದೆ. ನಮ್ಮ ಓಣಿಯಿಂದಲೇ ಹನ್ನೊಂದು ಮಂದಿ ಈಗ ಸೊಲ್ಲಾಪುರದ ಬೇರೆ ಬೇರೆ ದವಾಖಾನೆಗಳಲ್ಲಿ ಇದ್ದಾರೆ. ಕೆಲವರು ಮಾಮಾ, ಕೆಲವರು ಮಾವಶಿ, ಇಬ್ಬರು ಸಿಸ್ಟರ್, ಒಬ್ಬ ಟೆಕ್ನಿಶಿಯನ್. ಅಕ್ಕಲಕೋಟದಿಂದ ಬೆಳಗಿನ ಬಸ್ಸು ಹತ್ತಿ ಹೋಗುವವರು ಇದರಲ್ಲಿ ಅರ್ಧ. ಇವರಲ್ಲಿ ಹೆಚ್ಚಿನವರು ಒಂದಲ್ಲ ಒಂದು ದಿನ ಆಪರೇಶನ್ ಥೇಟರಿನ ಒಳಗೆ ನಿಂತಿದ್ದಾರೆ. ಅಲ್ಲಿ ಎಕ್ಸ್-ರೇ ಮಷೀನು ನಡೆಯುತ್ತದೆ. ಅದರ ಬಗ್ಗೆ ಇವರಿಗೆ ಯಾರೂ ಕೂರಿಸಿಕೊಂಡು ಹೇಳಿಲ್ಲ. ಆದ್ದರಿಂದ ಇವತ್ತು ನಾನು ಹೇಳುತ್ತೇನೆ.

ಮೊದಲು ನನ್ನ ಕಥೆ. ಹನ್ನೆರಡನೇ ಇಯತ್ತೆ ಮುಗಿಸಿ ನಾನು ಒಂದು ಎಲುಬಿನ ದವಾಖಾನೆಗೆ ಮಾಮಾ ಆಗಿ ಸೇರಿದೆ. ಕಾಯಂ ನೌಕರಿ ಅಲ್ಲ, ಠೇಕೇದಾರನ ಕೈಕೆಳಗೆ. ಮೂರನೇ ದಿನ ಥೇಟರಿಗೆ ಕರೆದರು. ಬೈಕಿನಿಂದ ಬಿದ್ದು ತೊಡೆಯ ಎಲುಬು ಮುರಿದ ಹುಡುಗ. "ಕಾಲು ಹಿಡಿದು ಜಗ್ಗಿ ನಿಲ್ಲು" ಅಂದರು, ನಿಂತೆ. ಡಾಕ್ಟರರು, ಅವರ ಸಹಾಯಕ ಡಾಕ್ಟರರು, ಇಬ್ಬರೂ ನೀಲಿ ಬಣ್ಣದ ಭಾರವಾದ ಕೋಟು ಹಾಕಿಕೊಂಡಿದ್ದರು. ಅಂಥ ಇನ್ನೊಂದು ಕೋಟು ಗೋಡೆಯ ಮೊಳೆಗೆ ನೇತಾಡುತ್ತಿತ್ತು. ಡಾಕ್ಟರರು ಕಾಲಿನಿಂದ ಪೆಡಲ್ ಒತ್ತಿದಾಗೆಲ್ಲ ಟೀವಿಯಲ್ಲಿ ಎಲುಬು ಕಾಣುತ್ತಿತ್ತು. ಹೊರಗೆ ಬಂದ ಮೇಲೆ ಹಳೆಯ ಮಾಮಾನನ್ನು ಕೇಳಿದೆ, "ಆ ಕೋಟು ಯಾರ್ದು?" "ಡಾಕ್ಟರ್ ಸಾಹೇಬರ್ದು" ಅಂದ. ಅಷ್ಟಕ್ಕೇ ನನಗೆ ಉತ್ತರ ಸಿಕ್ಕಹಾಗಾಯಿತು.

ಯಾಕೆ ಗೊತ್ತಾ? ದೊಡ್ಡವರ ವಸ್ತು ದೊಡ್ಡವರದು, ಅದನ್ನು ಮುಟ್ಟಬಾರದು ಎನ್ನುವುದನ್ನು ನಮಗೆ ಊರಲ್ಲಿ ಚಿಕ್ಕಂದಿನಿಂದಲೇ ಕಲಿಸಿರುತ್ತಾರೆ. ಆ ಕೋಟು ಅಧಿಕಾರದ ಗುರುತು, ಪೊಲೀಸರ ಟೊಪ್ಪಿಗೆಯಂತೆ ಅಂತ ನಾನು ತಿಳಿದಿದ್ದೆ. ಅದು ಸೀಸ ತುಂಬಿದ ಏಪ್ರನ್, ಎಕ್ಸ್-ರೇ ತಡೆಯಲಿಕ್ಕೆ ಇರುವುದು ಅಂತ ಗೊತ್ತಾಗಲು ನನಗೆ ಮೂರು ವರ್ಷ ಹಿಡಿಯಿತು. ಆ ಮೂರು ವರ್ಷ ನಾನು ಎಷ್ಟು ಕಾಲು, ಎಷ್ಟು ಕೈ ಜಗ್ಗಿ ಹಿಡಿದಿದ್ದೇನೋ ಲೆಕ್ಕ ಇಲ್ಲ. ಲೆಕ್ಕ ಇಟ್ಟವರೂ ಇಲ್ಲ.

ಈಗ ವಿಷಯಕ್ಕೆ ಬರೋಣ. ಎಕ್ಸ್-ರೇಯನ್ನು ಜರ್ಮನಿಯ ರಾಂಟ್‌ಗೆನ್ ಎಂಬ ವಿಜ್ಞಾನಿ 1895ರ ನವೆಂಬರ್ 8ರಂದು ಕಂಡುಹಿಡಿದ. ಇದರಿಂದ ಜಗತ್ತಿಗೆ ಎಷ್ಟು ಉಪಕಾರ ಆಗಿದೆ ಎಂಬುದನ್ನು ಎಲುಬು ಮುರಿದುಕೊಂಡವರಿಗೆ ಹೇಳಬೇಕಾಗಿಲ್ಲ. ಆದರೆ ಮೊದಲು ಸುಟ್ಟುಕೊಂಡವರು ಯಾರು ನೋಡ್ರಿ. ವಿದ್ಯುತ್ ಬಲ್ಬಿನಿಂದ ಹೆಸರಾದ ಎಡಿಸನ್ ಅಮೆರಿಕದಲ್ಲಿ ಎಕ್ಸ್-ರೇ ಪ್ರಯೋಗ ಮಾಡುತ್ತಿದ್ದ. ಅವನ ಸಹಾಯಕ ಕ್ಲಾರೆನ್ಸ್ ಡ್ಯಾಲಿ. ಮಷೀನು ಸರಿಯಾಗಿ ನಡೆಯುತ್ತದೋ ಇಲ್ಲವೋ ನೋಡಲು ಡ್ಯಾಲಿ ತನ್ನ ಕೈಯನ್ನೇ ಕಿರಣಕ್ಕೆ ಹಿಡಿಯುತ್ತಿದ್ದ. ಕೈ ಹುಣ್ಣಾಯಿತು, ಕ್ಯಾನ್ಸರ್ ಆಯಿತು, ಕೈಗಳನ್ನು ಕತ್ತರಿಸಿದರು, 1904ರಲ್ಲಿ ಸತ್ತ. ಎಡಿಸನ್ ಹೆದರಿ ಆ ಕೆಲಸವನ್ನೇ ಬಿಟ್ಟ. ಹೆಸರು ಯಜಮಾನನದು, ಕೈ ಸಹಾಯಕನದು.

ಜರ್ಮನಿಯ ಹ್ಯಾಂಬರ್ಗ್ ಊರಿನ ಒಂದು ಆಸ್ಪತ್ರೆಯ ಅಂಗಳದಲ್ಲಿ 1936ರಲ್ಲಿ ಒಂದು ಕಲ್ಲು ನಿಲ್ಲಿಸಿದರು. ಎಕ್ಸ್-ರೇ ಮತ್ತು ರೇಡಿಯಂ ಕೆಲಸ ಮಾಡಿ ಸತ್ತವರ ಸ್ಮಾರಕ. ಮೊದಲಿಗೇ 169 ಹೆಸರು ಕೆತ್ತಿದ್ದರು, ಆಮೇಲೆ ಇನ್ನೂ ಸೇರಿಸಿದರು. ಅದರಲ್ಲಿ ಡಾಕ್ಟರರೂ ಇದ್ದಾರೆ, ಟೆಕ್ನಿಶಿಯನ್ನರೂ ನರ್ಸುಗಳೂ ಇದ್ದಾರೆ. ಅಂದರೆ ಕಿರಣಕ್ಕೆ ಡಿಗ್ರಿ ಗೊತ್ತಿಲ್ಲ, ಜಾತಿ ಗೊತ್ತಿಲ್ಲ. ಅದರ ಮುಂದೆ ನಿಂತವರಿಗೆಲ್ಲ ಅದು ತಗಲುತ್ತದೆ. ಏಪ್ರನ್ ಹಂಚುವವರಿಗೆ ಮಾತ್ರ ಇದೆಲ್ಲ ಗೊತ್ತಿರುತ್ತದೆ.

ಥೇಟರಿನಲ್ಲಿರುವ ಮಷೀನಿಗೆ ಸಿ-ಆರ್ಮ್ ಅಂತಾರೆ. ಇಂಗ್ಲಿಷಿನ ಸಿ ಅಕ್ಷರದ ಹಾಗೆ ಬಾಗಿದ ತೋಳು ಅದರದು. ಒಂದು ತುದಿಯಲ್ಲಿ ಎಕ್ಸ್-ರೇ ಬಿಡುವ ಟ್ಯೂಬ್, ಇನ್ನೊಂದು ತುದಿಯಲ್ಲಿ ಚಿತ್ರ ಹಿಡಿಯುವ ಡಬ್ಬಿ. ನಡುವೆ ರೋಗಿ. ಎಲುಬಿಗೆ ರಾಡ್ ಹಾಕುವಾಗ, ಸ್ಕ್ರೂ ಕೂರಿಸುವಾಗ, ಮೂತ್ರಕೋಶದ ಕಲ್ಲು ತೆಗೆಯುವಾಗ ಡಾಕ್ಟರರು ಮತ್ತೆ ಮತ್ತೆ ಪೆಡಲ್ ಒತ್ತಿ ನೋಡಬೇಕಾಗುತ್ತದೆ.

ನಮ್ಮ ಮೈಗೆ ಬರುವ ಕಿರಣ ಹೆಚ್ಚಾಗಿ ಟ್ಯೂಬಿನಿಂದ ನೇರವಾಗಿ ಬರುವುದಿಲ್ಲ. ರೋಗಿಯ ದೇಹಕ್ಕೆ ಬಡಿದು ಸುತ್ತಲೂ ಚದುರಿ ಬರುತ್ತದೆ. ಬಂಡೆಗಲ್ಲಿಗೆ ಚೊಂಬಿನಿಂದ ನೀರು ಎರಚಿ ನೋಡ್ರಿ, ಎರಚಿದವರ ಕಡೆಗೇ ಹೆಚ್ಚು ಸಿಡಿಯುತ್ತದೆ. ಇದೂ ಹಾಗೆಯೇ, ಟ್ಯೂಬ್ ಇರುವ ಕಡೆಗೇ ಹೆಚ್ಚು ಚದುರುತ್ತದೆ. ಅದಕ್ಕೇ ಟ್ಯೂಬು ಟೇಬಲ್ಲಿನ ಕೆಳಗೆ, ಡಬ್ಬಿ ಮೇಲೆ ಇರಬೇಕು ಅನ್ನುತ್ತಾರೆ. ಟ್ಯೂಬು ಮೇಲಿದ್ದರೆ ಸಿಡಿಯುವುದು ನಿಮ್ಮ ಮುಖ, ಕಣ್ಣು, ಗಂಟಲಿಗೆ. ಮಷೀನನ್ನು ಅಡ್ಡ ತಿರುಗಿಸಿದಾಗ ಟ್ಯೂಬಿನ ಕಡೆ ನಿಲ್ಲಬೇಡ್ರಿ, ಡಬ್ಬಿಯ ಕಡೆ ನಿಲ್ರಿ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ಎರಡನೆಯ ಖರ್ಚಿಲ್ಲದ ಔಷಧ, ದೂರ. ದೂರ ಎರಡು ಪಟ್ಟಾದರೆ ಕಿರಣ ನಾಲ್ಕನೇ ಒಂದು ಪಾಲಿಗೆ ಇಳಿಯುತ್ತದೆ. ರೋಗಿಯಿಂದ ಅರ್ಧ ಮೀಟರಿನಲ್ಲಿ ನಿಂತವನಿಗೆ 16 ಪಾಲು ಬರುವುದಾದರೆ, 1 ಮೀಟರಿನಲ್ಲಿ 4 ಪಾಲು, 2 ಮೀಟರಿನಲ್ಲಿ ಒಂದೇ ಪಾಲು. ಎರಡು ಹೆಜ್ಜೆ ಹಿಂದೆ ಸರಿಯುವುದಕ್ಕೆ ಎಷ್ಟು ಬೆಲೆ ಇದೆ ನೋಡ್ರಿ. ಕೆಲಸ ಇಲ್ಲದವನು ಆ ಹೊತ್ತಿನಲ್ಲಿ ಹೊರಗೇ ಇರಲಿ. ಟೇಬಲ್ಲಿನ ಹತ್ತಿರ ಇರಲೇಬೇಕಾದವನು ಪೆಡಲ್ ಒತ್ತುವಾಗ ಹಿಂದೆ ಸರಿಯಲಿ. ಒತ್ತುವ ಮೊದಲು ಡಾಕ್ಟರರು "ಎಕ್ಸ್-ರೇ" ಅಂತ ಒಂದು ಮಾತು ಕೂಗಿದರೆ ಸಾಕು, ಎಲ್ಲರಿಗೂ ಗೊತ್ತಾಗುತ್ತದೆ. ಇದನ್ನು ರೂಢಿ ಮಾಡಿಕೊಂಡ ಒಳ್ಳೆಯ ಡಾಕ್ಟರರ ಜೊತೆ ನಾನು ಕೆಲಸ ಮಾಡಿದ್ದೇನೆ. ಅವರ ಥೇಟರಿನಲ್ಲಿ ಆಪರೇಶನ್ ತಡವಾದದ್ದು ನೋಡಿಲ್ಲ.

ಮೂರನೆಯದು, ಸಮಯ. ಪೆಡಲ್ ಎಷ್ಟು ಹೊತ್ತು ಒತ್ತಿರುತ್ತದೋ ಅಷ್ಟು ಹೊತ್ತು ಕಿರಣ ಇರುತ್ತದೆ. ಈಗಿನ ಮಷೀನುಗಳಲ್ಲಿ ಕೊನೆಯ ಚಿತ್ರ ಪರದೆಯ ಮೇಲೆ ಹಾಗೇ ನಿಲ್ಲುತ್ತದೆ. ಅದನ್ನು ನೋಡಿಕೊಂಡೇ ಯೋಚನೆ ಮಾಡಬಹುದು, ಕಾಲು ಪೆಡಲ್ ಮೇಲೆ ಇಟ್ಟೇ ಯೋಚನೆ ಮಾಡಬೇಕಾಗಿಲ್ಲ. ಕಿರಣವನ್ನು ತುಂಡು ತುಂಡಾಗಿ ಬಿಡುವ ವ್ಯವಸ್ಥೆ, ನೋಡಬೇಕಾದಷ್ಟು ಜಾಗಕ್ಕೇ ಕಿರಣ ಬೀಳುವಂತೆ ಕಿರಿದು ಮಾಡುವ ವ್ಯವಸ್ಥೆಯೂ ಇದೆ. ಇದು ಟೆಕ್ನಿಶಿಯನ್ನನ ಕೈಯಲ್ಲಿದೆ. ಟೆಕ್ನಿಶಿಯನ್ ಆಗಿರುವ ನಮ್ಮ ತಮ್ಮ ಹಿಂದೆ ನಿಂತಿದ್ದಾನೆ. ಅವನಿಗೆ ಇದು ಗೊತ್ತಿದೆ, ಆದರೆ ಕೋಣೆಯಲ್ಲಿರುವ ಮಾವಶಿಯ ನೆನಪೂ ಇಟ್ಟುಕೊಂಡು ಮಾಡಪ್ಪಾ.

ನಾಲ್ಕನೆಯದು, ಆ ನೀಲಿ ಕೋಟು. ಅರ್ಧ ಮಿಲಿಮೀಟರ್ ಸೀಸಕ್ಕೆ ಸಮನಾದ ಏಪ್ರನ್ ಚದುರಿದ ಕಿರಣದ ಬಹುಪಾಲನ್ನು ತಡೆಯುತ್ತದೆ. ಅದರ ಜೊತೆ ಗಂಟಲಿಗೆ ಕಟ್ಟುವ ಥೈರಾಯ್ಡ್ ಕಾಲರ್. ಭಾರ ಆಗುತ್ತದೆ, ಬೆನ್ನು ನೋಯುತ್ತದೆ, ಬೇಸಿಗೆಯಲ್ಲಿ ಮೈ ಬೆವರಿ ತೊಪ್ಪೆಯಾಗುತ್ತದೆ. ಆದರೂ ಹಾಕಿಕೊಳ್ರಿ. ಒಂದು ಮಾತು ನೆನಪಿರಲಿ. ಮುಂದೆ ಮಾತ್ರ ಸೀಸ ಇರುವ ಏಪ್ರನ್ ಹಾಕಿಕೊಂಡು ಸಾಮಾನು ತರಲು ತಿರುಗಿದರೆ ನಿಮ್ಮ ಬೆನ್ನು ಬಯಲಲ್ಲಿದ್ದಂತೆ. ಪೆಡಲ್ ಒತ್ತಿರುವಾಗ ಮಷೀನಿಗೆ ಬೆನ್ನು ತೋರಿಸಬೇಡ್ರಿ. ಏಪ್ರನ್ ಮಡಚಿ ಮೂಲೆಗೆ ಎಸೆಯಬೇಡ್ರಿ. ಮಡಚಿದ ಕಡೆ ಒಳಗಿನ ಸೀಸ ಬಿರುಕು ಬಿಡುತ್ತದೆ, ಹೊರಗಿನ ಬಟ್ಟೆ ಚೆನ್ನಾಗಿಯೇ ಕಾಣುತ್ತದೆ. ಅದನ್ನು ಹ್ಯಾಂಗರಿಗೆ ತೂಗುಹಾಕಬೇಕು. ವರ್ಷಕ್ಕೊಮ್ಮೆ ಮಷೀನಿನ ಕೆಳಗೇ ಹಿಡಿದು ಬಿರುಕು ಇದೆಯೋ ನೋಡಬೇಕು.

ಕೈ ಮಾತ್ರ ಯಾವತ್ತೂ ನೇರ ಕಿರಣದೊಳಗೆ ಇಡಬೇಡ್ರಿ. ಸೀಸದ ಕೈಚೀಲ ಹಾಕಿಕೊಂಡಿದ್ದೇನೆ ಅನ್ನುವ ಧೈರ್ಯವೂ ಬೇಡ. ಚಿತ್ರ ಕಪ್ಪಾಯಿತು ಅಂತ ಮಷೀನು ತಾನೇ ಇನ್ನಷ್ಟು ಕಿರಣ ಬಿಡುತ್ತದೆ. ಕಾಲು ಜಗ್ಗಿ ಹಿಡಿಯಲಿಕ್ಕೆ ಟ್ರ್ಯಾಕ್ಷನ್ ಟೇಬಲ್ ಅಂತಲೇ ಇದೆ. ಇದ್ದರೆ ಅದನ್ನು ಬಳಸಲಿ. ಇಲ್ಲದಿದ್ದರೆ ಪಾದದ ತುದಿಯಿಂದ ದೂರದಲ್ಲಿ ನಿಂತು ಹಿಡಿಯುವಂತಾಗಲಿ. ದಿನಾ ಒಬ್ಬನೇ ಮಾಮಾ ಹಿಡಿಯುವ ಪದ್ಧತಿ ಸರಿಯಲ್ಲ.

ಕಣ್ಣಿನ ಮಾತು ಬೇರೆ ಹೇಳಬೇಕು. ಈ ಕಿರಣದಿಂದ ಕಣ್ಣಿನ ಮಸೂರಕ್ಕೆ ಪೊರೆ ಬರಬಹುದು. ಮೊದಲು ಕಣ್ಣಿಗೆ ವರ್ಷಕ್ಕೆ 150 ಮಿಲಿಸೀವರ್ಟ್ ತನಕ ನಡೆಯುತ್ತದೆ ಅನ್ನುತ್ತಿದ್ದರು. 2011ರಲ್ಲಿ ವಿಕಿರಣ ರಕ್ಷಣೆಯ ಅಂತರರಾಷ್ಟ್ರೀಯ ಆಯೋಗ ಅದನ್ನು 5 ವರ್ಷದ ಸರಾಸರಿ ವರ್ಷಕ್ಕೆ 20ಕ್ಕೆ ಇಳಿಸಬೇಕು ಅಂತ ಹೇಳಿತು. ತಿಳಿದವರೇ ತಮ್ಮ ಲೆಕ್ಕವನ್ನು ಇಷ್ಟು ತಿದ್ದಿಕೊಂಡಿದ್ದಾರೆ ಅಂದಮೇಲೆ "ಏನೂ ಆಗೂದಿಲ್ಲ ಬಿಡು" ಅನ್ನುವವರ ಮಾತು ನಂಬಬೇಡ್ರಿ.

ಹಾಗಂತ ಹೆದರಿ ಓಡಲೂ ಬೇಡ್ರಿ. ಮಿಲಿಸೀವರ್ಟ್ ಅನ್ನುವುದು ಕಿರಣ ಅಳೆಯುವ ಲೆಕ್ಕ. ಮಣ್ಣು, ಕಲ್ಲು, ಆಕಾಶ, ಊಟ ಇವುಗಳಿಂದಲೇ ಜಗತ್ತಿನ ಪ್ರತಿಯೊಬ್ಬರಿಗೆ ಸರಾಸರಿ ವರ್ಷಕ್ಕೆ 2.4ರಷ್ಟು ಬರುತ್ತದೆ. ಸರಿಯಾದ ರಕ್ಷಣೆ ಇರುವ ಥೇಟರಿನಲ್ಲಿ ಕೆಲಸ ಮಾಡುವವರಿಗೆ ಅದರ ಮೇಲೆ ಸೇರುವುದು ಸ್ವಲ್ಪವೇ. ನಮ್ಮ ಓಣಿಯಲ್ಲಿ ಒಂದು ಮಾತು ಓಡಾಡುತ್ತಿದೆ, "ಎಕ್ಸ್-ರೇ ಕೋಲಿ ಒಳಗ ಕೆಲಸ ಮಾಡೋ ಹುಡುಗಗ ಹೆಣ್ಣು ಕೊಡಬಾರದು, ಮಕ್ಕಳಾಗೂದಿಲ್ಲ" ಅಂತ. ಅಕ್ಕಂದಿರೇ, ಇದು ಸುಳ್ಳು. ನನಗೆ ಮೂರು ಮಕ್ಕಳು, ಮುಂದಿನ ಸಾಲಿನಲ್ಲೇ ಕೂತಿದ್ದಾರೆ. ಪೆಡಲ್ ಬಿಟ್ಟ ಕ್ಷಣ ಕಿರಣ ನಿಂತುಹೋಗುತ್ತದೆ, ಬಟನ್ ಬಂದ್ ಮಾಡಿದರೆ ದೀಪ ಆರಿದ ಹಾಗೆ. ಅದು ಗೋಡೆಯಲ್ಲಿ ಉಳಿಯುವುದಿಲ್ಲ, ಬಟ್ಟೆಗೆ ಅಂಟುವುದಿಲ್ಲ, ಮನೆಗೆ ಬಂದು ಮಕ್ಕಳಿಗೆ ಹತ್ತುವುದಿಲ್ಲ. ಡ್ಯೂಟಿ ಮುಗಿಸಿ ಬೆಲ್ಲ ತಿಂದರೆ, ಹಾಲು ಕುಡಿದರೆ ಕಿರಣ ಇಳಿಯುತ್ತದೆ ಅನ್ನುವುದೂ ಸುಳ್ಳು. ಬೆಲ್ಲ ತಿನ್ನಿ, ಬೇಡ ಅನ್ನುವುದಿಲ್ಲ. ಅದು ಏಪ್ರನ್ನಿನ ಕೆಲಸ ಮಾಡುವುದಿಲ್ಲ.

ಈಗ ನಾನು ಮುಖ್ಯವಾಗಿ ಹೇಳಬೇಕೆಂದು ಬಂದ ಮಾತು. ನಮ್ಮ ದೇಶದಲ್ಲಿ ಇದಕ್ಕೆ ಕಾನೂನು ಇದೆ. 1962ರಲ್ಲಿ ಅಣುಶಕ್ತಿ ಕಾಯ್ದೆ ಬಂತು, ಅದರ ಕೆಳಗೆ 2004ರಲ್ಲಿ ವಿಕಿರಣ ರಕ್ಷಣಾ ನಿಯಮಗಳು ಬಂದವು. ನೋಡಿಕೊಳ್ಳಲು 1983ರಲ್ಲಿ ಸ್ಥಾಪನೆಯಾದ ಅಣುಶಕ್ತಿ ನಿಯಂತ್ರಣ ಮಂಡಳಿ ಇದೆ, ಅದರ ಮುಖ್ಯ ಕಚೇರಿ ಮುಂಬೈಯ ಅಣುಶಕ್ತಿ ನಗರದಲ್ಲಿದೆ. ಮಂಡಳಿಯ ಪರವಾನಗಿ ಅಥವಾ ನೋಂದಣಿ ಇಲ್ಲದೆ ದವಾಖಾನೆಯವರು ಎಕ್ಸ್-ರೇ ಮಷೀನು ನಡೆಸುವಂತಿಲ್ಲ. ಕಿರಣದ ಕೆಲಸಗಾರನಿಗೆ 5 ವರ್ಷದ ಸರಾಸರಿ ವರ್ಷಕ್ಕೆ 20 ಮಿಲಿಸೀವರ್ಟ್ ದಾಟಬಾರದು, ಯಾವ ಒಂದೇ ವರ್ಷದಲ್ಲೂ 30 ದಾಟಬಾರದು. ಸಾಮಾನ್ಯ ಜನರಿಗೆ ಮಿತಿ ವರ್ಷಕ್ಕೆ 1. ಹದಿನೆಂಟು ತುಂಬದವರನ್ನು ಈ ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ.

ಎಷ್ಟು ಕಿರಣ ಬಿತ್ತು ಅಂತ ಅಳೆಯಲು ಟಿಎಲ್‌ಡಿ ಬ್ಯಾಡ್ಜ್ ಅಂತ ಇದೆ. ಚಿಕ್ಕ ಚೀಟಿಯಷ್ಟು ದೊಡ್ಡದು, ಒಳಗೆ ಮೂರು ಬಿಲ್ಲೆ. ಅದನ್ನು ಎದೆಯ ಮೇಲೆ, ಏಪ್ರನ್ನಿನ ಒಳಗೆ ಹಾಕಿಕೊಳ್ಳಬೇಕು. ಮೂರು ತಿಂಗಳಿಗೊಮ್ಮೆ ಪ್ರಯೋಗಾಲಯಕ್ಕೆ ಹೋಗಿ ಲೆಕ್ಕ ಬರುತ್ತದೆ. ಒಬ್ಬರ ಬ್ಯಾಡ್ಜ್ ಇನ್ನೊಬ್ಬರು ಹಾಕುವಂತಿಲ್ಲ.

ನನಗೆ ಬ್ಯಾಡ್ಜ್ ಇರಲಿಲ್ಲ. ಕೇಳಿದಾಗ ಆಫೀಸಿನವರು ಏನಂದರು ಗೊತ್ತಾ? "ನೀನು ಕಿರಣದ ಕೆಲಸಗಾರ ಅಲ್ಲ, ನೀನು ಠೇಕೇದಾರನ ಮನುಷ್ಯ." ಆವತ್ತು ರಾತ್ರಿ ನಾನು ಕೂತು ಯೋಚಿಸಿದೆ. ಕಾಗದದ ಮೇಲೆ ನಾನು ಕಿರಣದ ಕೆಲಸಗಾರ ಅಲ್ಲ ಅಂದರೆ, ನಾನು ಸಾಮಾನ್ಯ ಜನ. ಸಾಮಾನ್ಯ ಜನರ ಮಿತಿ 1. ಡಾಕ್ಟರರ ಮಿತಿ 20. ಹಾಗಾದರೆ ನನ್ನನ್ನು ಡಾಕ್ಟರರಿಗಿಂತ ಹೆಚ್ಚು ದೂರ ನಿಲ್ಲಿಸಬೇಕಿತ್ತು, ಹೆಚ್ಚು ಕಾಪಾಡಬೇಕಿತ್ತು. ನಿಲ್ಲಿಸಿದ್ದು ಎಲ್ಲಿ? ರೋಗಿಯ ಪಕ್ಕದಲ್ಲಿ, ಏಪ್ರನ್ ಇಲ್ಲದೆ. ಕಿರಣ ಹೇಗೂ ಕಾಣುವುದಿಲ್ಲ. ಅದರ ಜೊತೆ ಕೆಲಸಗಾರನೂ ಕಾಣದಂತೆ ಮಾಡಿಬಿಟ್ಟರು.

ಅದೇ ದವಾಖಾನೆಯಲ್ಲಿ ಒಬ್ಬಳು ಮಾವಶಿ ಇದ್ದಳು. ನಮ್ಮವಳೇ, ನನಗಿಂತ ಎರಡು ವರ್ಷ ಸಣ್ಣವಳು. ಹೊಟ್ಟೆಯಲ್ಲಿ ನಾಲ್ಕು ತಿಂಗಳ ಕೂಸು. ಮಷೀನು ನಡೆಯುತ್ತಿರುವಾಗಲೇ ನೆಲದ ರಕ್ತ ಒರೆಸಲು ಒಳಗೆ ಕರೆಯುತ್ತಿದ್ದರು. ಹೇಳಿದರೆ ಕೆಲಸ ಹೋಗುತ್ತದೆ ಅಂತ ಅವಳು ಯಾರಿಗೂ ಹೇಳಿರಲಿಲ್ಲ. ಕೂಸು ಚೆನ್ನಾಗಿ ಹುಟ್ಟಿತು. ಅದು ಅವಳ ಅದೃಷ್ಟ, ದವಾಖಾನೆಯ ವ್ಯವಸ್ಥೆ ಅಲ್ಲ. ನಿಯಮ ಏನಂದರೆ, ಗರ್ಭಿಣಿ ಅಂತ ತಿಳಿಸಿದ ಮೇಲೆ ಹೊಟ್ಟೆಯ ಕೂಸಿಗೆ ಉಳಿದ ತಿಂಗಳುಗಳಲ್ಲಿ ಎಲ್ಲ ಸೇರಿ 1 ಮಿಲಿಸೀವರ್ಟ್ ದಾಟಬಾರದು. ಆದ್ದರಿಂದ ತಂಗಿಯರೇ, ತಿಳಿದ ಕೂಡಲೇ ಬರವಣಿಗೆಯಲ್ಲಿ ತಿಳಿಸ್ರಿ. ಕೆಲಸದ ಜಾಗ ಬದಲಿಸಿ ಕೊಡುವುದು ಅವರ ಜವಾಬ್ದಾರಿ. ಬಾಬಾಸಾಹೇಬರು 1928ರಲ್ಲೇ ಮುಂಬೈ ವಿಧಾನ ಪರಿಷತ್ತಿನಲ್ಲಿ ಕೂಲಿ ಹೆಣ್ಣುಮಕ್ಕಳ ಹೆರಿಗೆ ಸೌಲಭ್ಯದ ಮಸೂದೆಯ ಪರವಾಗಿ ಮಾತಾಡಿದವರು. ಮುಂದೆ 1942ರಿಂದ 1946ರ ತನಕ ವೈಸರಾಯರ ಮಂಡಳಿಯಲ್ಲಿ ಕಾರ್ಮಿಕ ಖಾತೆ ನೋಡಿಕೊಂಡರು. ಅವರ ಫೋಟೋಕ್ಕೆ ಹಾರ ಹಾಕುವ ನಾವು ಹೊಟ್ಟೆಯ ಕೂಸಿನ ಮಾತು ಹೇಳಲು ಹೆದರಿದರೆ ಹೇಗೆ?

ಆ ಮಾವಶಿಯ ವಿಷಯ ತಿಳಿದ ಮೇಲೆ ನಾವು ಏಳು ಮಂದಿ ಒಟ್ಟಾದೆವು. ಮೂರು ಮಾಮಾ, ಎರಡು ಮಾವಶಿ, ಇಬ್ಬರು ಸಿಸ್ಟರ್. ಸಿಸ್ಟರುಗಳು ನಮ್ಮ ಸಮಾಜದವರಲ್ಲ, ಕೇರಳದವರು. ಆದರೂ ಬಂದರು, ಅವರಿಗೂ ಏಪ್ರನ್ ಸಾಲುತ್ತಿರಲಿಲ್ಲ. ಮರಾಠಿಯಲ್ಲಿ ಒಂದು ಅರ್ಜಿ ಬರೆದೆವು. ಬೈಗುಳ ಇಲ್ಲ, ಬೆದರಿಕೆ ಇಲ್ಲ. ಥೇಟರಿನಲ್ಲಿ ಎಷ್ಟು ಮಂದಿ ನಿಲ್ಲುತ್ತೇವೆ, ಏಪ್ರನ್ ಎಷ್ಟಿವೆ, ಬ್ಯಾಡ್ಜ್ ಎಷ್ಟಿವೆ ಎಂಬ ಲೆಕ್ಕ ಮಾತ್ರ ಬರೆದೆವು. ಕೆಳಗೆ ಏಳು ಸಹಿ. ಎರಡು ತಿಂಗಳು ಉತ್ತರ ಇಲ್ಲ. ಒಬ್ಬ ಮಾಮಾನನ್ನು ಬೇರೆ ವಾರ್ಡಿಗೆ ಹಾಕಿದರು. ಮತ್ತೆ ಅದೇ ಅರ್ಜಿ ಕೊಟ್ಟು, ಸಿಕ್ಕಿದ್ದಕ್ಕೆ ಸಹಿ ತೆಗೆದುಕೊಂಡೆವು. ಕೊನೆಗೆ ಮೂರು ಹೊಸ ಏಪ್ರನ್ ಬಂದವು, ಥೇಟರಿನಲ್ಲಿ ಕಾಯಂ ನಿಲ್ಲುವವರಿಗೆ ಬ್ಯಾಡ್ಜ್ ಬಂತು. ನನ್ನ ಮೊದಲ ರಿಪೋರ್ಟಿನಲ್ಲಿ ಬಂದ ಅಂಕಿ ಬಹಳ ಸಣ್ಣದು. ಆದರೂ ಆ ಕಾಗದ ಹಿಡಿದು ನಾನು ಬಹಳ ಹೊತ್ತು ಕೂತಿದ್ದೆ. ಅದರಲ್ಲಿ ನನ್ನ ಹೆಸರು ಇತ್ತು. ಹಿಂದಿನ ಮೂರು ವರ್ಷದ ಲೆಕ್ಕ ಮಾತ್ರ ಎಲ್ಲೂ ಇಲ್ಲ, ಇನ್ನು ಸಿಗುವುದೂ ಇಲ್ಲ.

ಹೀಗಾಗಿ ದವಾಖಾನೆಯಲ್ಲಿ ಕೆಲಸ ಮಾಡುವ ನಿಮಗೆಲ್ಲ ಐದು ಪ್ರಶ್ನೆ ಕೊಡುತ್ತೇನೆ. ನಾಳೆ ಡ್ಯೂಟಿಗೆ ಹೋದಾಗ ಕೇಳ್ರಿ. ಮಷೀನಿನ ನೋಂದಣಿ ಆಗಿದೆಯೇ? ಇಲ್ಲಿನ ವಿಕಿರಣ ಸುರಕ್ಷತಾ ಅಧಿಕಾರಿ ಯಾರು? ಪೆಡಲ್ ಒತ್ತುವಾಗ ಒಳಗೆ ಇರುವವರಿಗೆಲ್ಲ ಏಪ್ರನ್ ಇದೆಯೇ, ಅದರ ತಪಾಸಣೆ ಯಾವಾಗ ಆಯಿತು? ನನ್ನ ಹೆಸರಿನ ಬ್ಯಾಡ್ಜ್ ಎಲ್ಲಿದೆ? ನನ್ನ ಲೆಕ್ಕ ಎಷ್ಟು ಬಂದಿದೆ? ಕೆಲಸಗಾರ ಕೇಳಿದಾಗ ಅವನ ಲೆಕ್ಕ ಕೊಡಬೇಕು, ಕೆಲಸ ಬಿಡುವಾಗಲೂ ಕೊಡಬೇಕು. ಅದು ದಯೆ ಅಲ್ಲ, ನಿಯಮ.

ಬ್ಯಾಡ್ಜ್ ಸಿಕ್ಕವರೂ ಒಂದು ಮಾತು ಕೇಳ್ರಿ. ಅದನ್ನು ಕಪಾಟಿನಲ್ಲಿ ಇಟ್ಟು ತಪಾಸಣೆಯವರು ಬಂದಾಗ ಮಾತ್ರ ಹಾಕಿಕೊಳ್ಳುವವರನ್ನು ನೋಡಿದ್ದೇನೆ. ಕಪಾಟಿಗೆ ಎಷ್ಟು ಕಿರಣ ಬಿತ್ತು ಅಂತ ತಿಳಿದು ನಮಗೇನು? ಹೋರಾಡಿ ಪಡೆದದ್ದನ್ನು ಬಳಸದೆ ಇದ್ದರೆ ಹೋರಾಟದ ಮಾನ ಹೋಗುತ್ತದೆ.

ಒಬ್ಬರೇ ಕೇಳಲು ಹೋಗಬೇಡ್ರಿ, ಒಬ್ಬರನ್ನು ತೆಗೆಯುವುದು ಸುಲಭ. ನಾಲ್ಕು ಮಂದಿ ಸೇರಿ ಕೇಳ್ರಿ, ಬರವಣಿಗೆಯಲ್ಲಿ ಕೇಳ್ರಿ. ಅರ್ಜಿ ಬರೆದು ಕೊಡುವ ಕೆಲಸ ಸಂಘದ್ದಾಗಲಿ ಅಂತ ನಾನು ಪದಾಧಿಕಾರಿಗಳಿಗೆ ವಿನಂತಿ ಮಾಡುತ್ತೇನೆ. ಭಾನುವಾರ ಭಾನುವಾರ ನಾನು ಇಲ್ಲೇ ಸಮಾಜ ಮಂದಿರದಲ್ಲಿ ಕೂತಿರುತ್ತೇನೆ. ಹನ್ನೊಂದು ಮಂದಿಯೂ ಬರ್ರಿ, ಹೊಸದಾಗಿ ಸೇರುವವರು ಸೇರುವ ಮೊದಲೇ ಬರ್ರಿ.

ಆ ಏಪ್ರನ್ ಯಾರ್ದು ಅಂತ ನಾನು ಆವತ್ತು ಕೇಳಿದ್ದೆ. ಉತ್ತರ ಸಿಗಲು ತಡವಾಯಿತು. ಇವತ್ತು ನಿಮಗೆ ಹೇಳುತ್ತೇನೆ. ಪೆಡಲ್ ಒತ್ತಿದಾಗ ಆ ಕೋಣೆಯ ಒಳಗೆ ಯಾರು ನಿಂತಿರುತ್ತಾರೋ, ಅದು ಅವರದು. ಗೋಡೆಯ ಮೊಳೆಯಿಂದ ತೆಗೆದು ಹಾಕಿಕೊಳ್ರಿ.